ಉತಾರದ ಹಿಂದಿನ ಡೇಟಾಬೇಸ್

ಗದಗ ಜಿಲ್ಲೆ ರೋಣ ತಾಲೂಕಿನ ಅಸೂಟಿಯ ಯಾವುದೋ ಒಂದು ಹೊಲದ ಉತಾರ, ಅಂದರೆ ಪಹಣಿ, ಬೇಕು ಎಂದುಕೊಳ್ಳಿ. ಸರ್ಕಾರದ ಭೂದಾಖಲೆಗಳ ‘ಭೂಮಿ’ ಜಾಲತಾಣ ಮೊದಲು ಜಿಲ್ಲೆ ಕೇಳುತ್ತದೆ. ಆಮೇಲೆ ತಾಲೂಕು, ಹೋಬಳಿ, ಗ್ರಾಮ. ಅಷ್ಟು ಹೇಳಿದರೂ ಬಿಡುವುದಿಲ್ಲ. ಸರ್ವೆ ನಂಬರ್, ಸರ್ನೋಕ್, ಹಿಸ್ಸಾ ಎಂದು ಇನ್ನೂ ಮೂರು ಪ್ರಶ್ನೆ. ಸರ್ನೋಕ್ ಎಂದರೇನೆಂದು ಯೋಚಿಸದೆ, ಅಲ್ಲಿ ಕಾಣುವ ನಕ್ಷತ್ರ ಚಿಹ್ನೆಯನ್ನೇ ಒತ್ತಿ ಮುಂದೆ ಹೋಗುವವರೇ ಹೆಚ್ಚು. ಇಷ್ಟೆಲ್ಲ ಯಾಕೆ, ಹೊಲದ ಯಜಮಾನನ ಹೆಸರು ಹೇಳಿದರೆ ಸಾಲದೆ ಎಂದು ಗೊಣಗುವವರೂ ಇದ್ದಾರೆ.

ಸಾಲದು. ಒಂದೇ ಊರಲ್ಲಿ ಒಂದೇ ಹೆಸರಿನವರು ನಾಲ್ಕು ಜನ ಇರುತ್ತಾರೆ, ತಂದೆಯ ಹೆಸರೂ ಅಡ್ಡಹೆಸರೂ ಕೂಡಿಬರುವುದುಂಟು. 45ನೇ ಸರ್ವೆ ನಂಬರು ಅಸೂಟಿಯಲ್ಲೂ ಇರಬಹುದು, ಪಕ್ಕದ ಹತ್ತು ಊರುಗಳಲ್ಲೂ ಇರಬಹುದು. ಈ ಏಳು ಉತ್ತರಗಳು ಒಟ್ಟಾದಾಗ ಮಾತ್ರ ಇಡೀ ರಾಜ್ಯದಲ್ಲಿ ಒಂದೇ ಒಂದು ತುಂಡು ಭೂಮಿ ಬೆರಳಿಗೆ ಸಿಗುತ್ತದೆ. ಡೇಟಾಬೇಸ್ ಕಲಿಸುವವರು ಮೊದಲ ದಿನ ಹೇಳುವ ‘ಪ್ರೈಮರಿ ಕೀ’ ಇದೇ: ಒಂದು ಸಾಲನ್ನು ಉಳಿದೆಲ್ಲ ಸಾಲುಗಳಿಂದ ಬೇರೆ ಮಾಡಿ ತೋರಿಸುವ ಗುರುತು. ಇದು ತಿಳಿದರೆ ಪಾಠದ ಕಾಲುಭಾಗ ಮುಗಿದಂತೆಯೇ.

ಡೇಟಾಬೇಸ್ ಎಂದೊಡನೆ ಬೆಂಗಳೂರಿನ ಗಾಜಿನ ಕಟ್ಟಡಗಳನ್ನು ನೆನೆಯುವ ಹುಡುಗರಿಗೆ ಉತ್ತರ ಕರ್ನಾಟಕದ ಉತಾರಕ್ಕಿಂತ ಒಳ್ಳೆಯ ಪಠ್ಯಪುಸ್ತಕವಿಲ್ಲ ಎಂಬುದು ನನ್ನ ಅಭಿಪ್ರಾಯ. ಅಮೆರಿಕದ ಪುಸ್ತಕಗಳು ನೌಕರರು, ವಿಭಾಗಗಳು, ಸಂಬಳ ಎಂಬ ಉದಾಹರಣೆಗಳನ್ನೇ ಕೊಡುತ್ತವೆ. ಅವು ಪರೀಕ್ಷೆಗೆ ಸಾಕು. ಮನೆಯಲ್ಲಿ ವಾಟ್ನಿ ಆದದ್ದು, ಸೊಸೈಟಿ ಸಾಲದ ಬೋಜಾ ಉತಾರಕ್ಕೆ ಏರಿದ್ದು, ವಾರಸಾ ಮಾಡಿಸಲು ತಲಾಟಿಯ ಹಿಂದೆ ಅಲೆದದ್ದು ಗೊತ್ತಿರುವ ಹುಡುಗನಿಗೆ ಅಥವಾ ಹುಡುಗಿಗೆ ಟೇಬಲ್ಲುಗಳ ನಡುವಿನ ಸಂಬಂಧವನ್ನು ಮತ್ತೆ ವಿವರಿಸಬೇಕಿಲ್ಲ.

ಸ್ವಲ್ಪ ಹಿಂದಿನ ಕಥೆ. ಐಬಿಎಂ ಕಂಪನಿಯ ಎಡ್ಗರ್ ಕಾಡ್ 1970ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ಮಾಹಿತಿಯನ್ನೆಲ್ಲ ಸಾಲು ಮತ್ತು ಕಾಲಮ್ಮುಗಳ ಟೇಬಲ್ಲುಗಳಲ್ಲಿ ಇಡಬೇಕು, ಅದು ಡಿಸ್ಕಿನಲ್ಲಿ ಎಲ್ಲಿ ಕುಳಿತಿದೆ ಎಂಬ ಚಿಂತೆ ಕೇಳುವವನಿಗೆ ಇರಬಾರದು ಎಂದರು. ಅದೇ ಕಂಪನಿಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಪ್ರಶ್ನೆ ಕೇಳುವ ಭಾಷೆ ರೂಪಿಸಿದರು. ಈಗಿನ ಎಸ್‌ಕ್ಯೂಎಲ್ ಅದರ ಮುಂದುವರಿಕೆ. ಐವತ್ತು ವರ್ಷದಲ್ಲಿ ಕಂಪ್ಯೂಟರಿನ ಲೋಕದಲ್ಲಿ ಬಂದುಹೋದ ಭಾಷೆಗಳಿಗೆ ಲೆಕ್ಕವಿಲ್ಲ, ಇದು ಮಾತ್ರ ಉಳಿದಿದೆ. ಇವತ್ತು ಕಲಿತದ್ದು ನಾಳೆ ಹಳತಾಗುತ್ತದೆ ಎಂಬ ಭಯ ಇಲ್ಲಿ ಅಷ್ಟಾಗಿ ಬೇಡ.

ಕಲಿಕೆಗೆ ದುಡ್ಡೂ ಬೇಡ. ರಿಚರ್ಡ್ ಹಿಪ್ 2000ದಲ್ಲಿ ಬರೆದ ಎಸ್‌ಕ್ಯೂಲೈಟ್ ನಿಮ್ಮ ಜೇಬಿನ ಮೊಬೈಲಿನಲ್ಲಿ ಆಗಲೇ ಇದೆ. ಒಬ್ಬರೇ ಬಳಸುವ ಸಣ್ಣ ಲೆಕ್ಕಕ್ಕೆ ಅದು ಧಾರಾಳವಾಯಿತು. ಹತ್ತು ಜನ ಒಟ್ಟಿಗೆ ಬಳಸುವಂಥದ್ದು ಬೇಕಾದರೆ ಪೋಸ್ಟ್‌ಗ್ರೆಸ್‌ಕ್ಯೂಎಲ್ ಇಲ್ಲವೇ ಮಾರಿಯಾಡಿಬಿ. ಎರಡೂ ಉಚಿತ, ಎರಡೂ ಹಳೆಯ ಲ್ಯಾಪ್‌ಟಾಪಿನಲ್ಲಿ ಓಡುತ್ತವೆ. ಫಿನ್‌ಲೆಂಡಿನ ಮೈಕೆಲ್ ವಿಡೇನಿಯಸ್ ಮೊದಲ ಮಗಳು ಮ್ಯೂ ಹೆಸರಿನಲ್ಲಿ ಮೈಎಸ್‌ಕ್ಯೂಎಲ್ ಕಟ್ಟಿದರು. ಅದು ಒರಾಕಲ್ ಕಂಪನಿಯ ಕೈ ಸೇರುವ ಸೂಚನೆ ಕಂಡಾಗ, 2009ರಲ್ಲಿ ಕಿರಿಯ ಮಗಳ ಹೆಸರಿನಲ್ಲಿ ಮಾರಿಯಾಡಿಬಿ ಶುರು ಮಾಡಿದರು. ಯಾವುದನ್ನು ಆರಿಸಬೇಕು ಎಂದು ವಾರಗಟ್ಟಲೆ ಚರ್ಚಿಸುವವರು ಕೊನೆಗೆ ಏನನ್ನೂ ಕಲಿಯುವುದಿಲ್ಲ. ನನ್ನನ್ನು ಕೇಳಿದರೆ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎನ್ನುತ್ತೇನೆ; ತಪ್ಪು ಮಾಹಿತಿ ಹಾಕಲು ಹೋದರೆ ಮುಲಾಜಿಲ್ಲದೆ ತಿರಸ್ಕರಿಸುವ ಅದರ ಸ್ವಭಾವ ಹೊಸಬರಿಗೆ ಒಳ್ಳೆಯದು.

ಇನ್ನು ಟೇಬಲ್. ಹೊಸಬರು ಮಾಡುವ ಮೊದಲ ಕೆಲಸವೆಂದರೆ ಉತಾರದಲ್ಲಿ ಕಂಡದ್ದನ್ನೆಲ್ಲ ಒಂದೇ ಟೇಬಲ್ಲಿಗೆ ತುಂಬುವುದು: ಊರು, ತಾಲೂಕು, ಸರ್ವೆ ನಂಬರ್, ಕ್ಷೇತ್ರ, 9ನೇ ಕಾಲಮ್ಮಿನ ಕಬ್ಜೆದಾರರು, 11ನೇ ಕಾಲಮ್ಮಿನ ಋಣ, 12ರ ಬೆಳೆ, ಎಲ್ಲವೂ. ಎಕ್ಸೆಲ್ ಕಲಿಸಿದ ಅಭ್ಯಾಸ ಅದು. ಇದರ ತೊಂದರೆ ತಿಳಿಯಲು ಈ ಸೀಮೆಯ ಚರಿತ್ರೆಯನ್ನೇ ನೋಡಿ. 1997ರವರೆಗೆ ರೋಣ ಇದ್ದದ್ದು ಧಾರವಾಡ ಜಿಲ್ಲೆಯಲ್ಲಿ. ಆ ವರ್ಷ ಗದಗ ಜಿಲ್ಲೆಯಾಯಿತು. 2017-18ರ ಹೊತ್ತಿಗೆ ರೋಣದಿಂದ ಗಜೇಂದ್ರಗಡ ತಾಲೂಕು ಬೇರೆಯಾಯಿತು. ಪ್ರತಿ ಹೊಲದ ಸಾಲಿನಲ್ಲೂ ‘ಧಾರವಾಡ’, ‘ರೋಣ’ ಎಂದು ಅಕ್ಷರದಲ್ಲಿ ಬರೆದಿಟ್ಟಿದ್ದರೆ ಒಂದೊಂದು ಸಲವೂ ಸಾವಿರಾರು ಸಾಲು ತಿದ್ದಬೇಕು. ಎಲ್ಲೋ ಹತ್ತು ಸಾಲು ಉಳಿದುಹೋಗುತ್ತವೆ, ಆ ಹತ್ತು ಹೊಲಗಳು ಎರಡೂ ತಾಲೂಕಿಗೆ ಸಲ್ಲದೆ ತೂಗಾಡುತ್ತವೆ. ಗ್ರಾಮಗಳಿಗೇ ಒಂದು ಬೇರೆ ಟೇಬಲ್ ಮಾಡಿ, ಪ್ರತಿ ಗ್ರಾಮಕ್ಕೆ ಒಂದು ಸಂಖ್ಯೆ ಕೊಟ್ಟು, ಹೊಲದ ಸಾಲಿನಲ್ಲಿ ಆ ಸಂಖ್ಯೆಯನ್ನಷ್ಟೇ ಬರೆದರೆ? ಗ್ರಾಮ ಯಾವ ತಾಲೂಕಿಗೆ ಹೋದರೂ ತಿದ್ದಬೇಕಾದ್ದು ಒಂದೇ ಸಾಲು. ಇದಕ್ಕೆ ‘ಫಾರಿನ್ ಕೀ’ ಎನ್ನುತ್ತಾರೆ, ಹೀಗೆ ಒಡೆದು ಜೋಡಿಸುವ ಕ್ರಮಕ್ಕೆ ‘ನಾರ್ಮಲೈಸೇಶನ್’ ಎನ್ನುತ್ತಾರೆ.

ಕಬ್ಜೆದಾರರದ್ದೂ ಅದೇ ಮಾತು. ಒಂದು ಹೊಲಕ್ಕೆ ಮೂವರು ಅಣ್ಣತಮ್ಮಂದಿರು, ಒಬ್ಬ ಅಣ್ಣನಿಗೆ ನಾಲ್ಕು ಹೊಲ. ಇಬ್ಬದಿಗೂ ಹಲವು. ಹೀಗಿರುವಾಗ ಹೊಲಗಳ ಟೇಬಲ್, ಜನರ ಟೇಬಲ್ ಎರಡರ ನಡುವೆ ‘ಯಾರಿಗೆ ಯಾವ ಹೊಲದಲ್ಲಿ ಎಷ್ಟು’ ಎಂಬ ಮೂರನೆಯ ಟೇಬಲ್ ಬೇಕೇಬೇಕು.

ಕ್ಷೇತ್ರದ ಕಾಲಮ್ಮಿನಲ್ಲಿ ಇನ್ನೊಂದು ಬಲೆ ಇದೆ, ಓದಿದವರೂ ಬೀಳುವಂಥದ್ದು. 2 ಎಕರೆ 30 ಗುಂಟೆಯನ್ನು 2.30 ಎಂದೂ 1 ಎಕರೆ 20 ಗುಂಟೆಯನ್ನು 1.20 ಎಂದೂ ದಶಮಾಂಶವಾಗಿ ಬರೆದಿಟ್ಟು ಕೂಡಿಸಲು ಹೇಳಿ, ಯಂತ್ರ 3.50 ಎನ್ನುತ್ತದೆ. ಎಕರೆಗೆ 40 ಗುಂಟೆ ಎಂದು ಬಲ್ಲ ರೈತ ನಗುತ್ತಾನೆ, ಸರಿಯಾದ ಉತ್ತರ 4 ಎಕರೆ 10 ಗುಂಟೆ. ಎಲ್ಲವನ್ನೂ ಗುಂಟೆಗೆ ಇಳಿಸಿ 110 ಮತ್ತು 60 ಎಂದು ಪೂರ್ಣಾಂಕದಲ್ಲಿ ಇಡಿ, ಮೊತ್ತ 170. ತೋರಿಸುವಾಗ ಮಾತ್ರ ಎಕರೆ-ಗುಂಟೆ ಮಾಡಿ. ಗುಂಟೆಗೆ 16 ಆಣೆಯ ಲೆಕ್ಕವೂ ಬೇಕಾದರೆ ಆಣೆಗೇ ಇಳಿಸಿ. ಕಾಲಮ್ಮಿಗೆ ಯಾವ ‘ಟೈಪ್’ ಕೊಡಬೇಕು ಎಂಬುದನ್ನು ಪುಸ್ತಕ ನೋಡಿ ತೀರ್ಮಾನಿಸಲಾಗದು, ಹೊಲದ ಲೆಕ್ಕ ಬಲ್ಲವರನ್ನು ಕೇಳಬೇಕು.

ಕನ್ನಡ ಅಕ್ಷರಗಳದ್ದು ಪ್ರತ್ಯೇಕ ಪ್ರಕರಣ. ಹಳೆಯ ಕಡತಗಳನ್ನು ಟೈಪು ಮಾಡಿದ್ದು ಫಾಂಟುಗಳ ಕಾಲದಲ್ಲಿ. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಗೀಚು. ಈಗ ಯೂನಿಕೋಡ್ ಇದೆ, ಆದರೂ ಎಚ್ಚರ ಬೇಕು. ‘ಅಸೂಟಿ’ ಎಂಬಲ್ಲಿ ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ಸ್ವರಚಿಹ್ನೆಗಳೂ ಸೇರಿ ಐದು, ಯುಟಿಎಫ್-8ರಲ್ಲಿ ಸಂಗ್ರಹಿಸಿದರೆ ಹದಿನೈದು ಬೈಟು. ‘ರೋಣ’ದ ಕಥೆ ಇನ್ನೂ ಮಜವಾದದ್ದು. ‘ರೋ’ದ ಓತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ, ಊತ್ವ, ದೀರ್ಘ ಎಂದು ಮೂರು ಚಿಹ್ನೆ ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಬೈಟು ಹೋಲಿಸುವ ಯಂತ್ರಕ್ಕೆ ಎರಡೂ ಬೇರೆ ಬೇರೆ ಪದ. ಒಂದನ್ನು ಹುಡುಕಿದರೆ ಇನ್ನೊಂದು ಸಿಗದು. ಒಳಗೆ ಬಿಡುವ ಮೊದಲೇ ಎಲ್ಲವನ್ನೂ ಒಂದೇ ರೂಪಕ್ಕೆ ತರುವ ‘ಎನ್‌ಎಫ್‌ಸಿ’ ಎಂಬ ಕ್ರಮವಿದೆ, ಅದನ್ನು ಮರೆಯಬೇಡಿ. ಮಾರಿಯಾಡಿಬಿ ಬಳಸುವವರು ಅಕ್ಷರ ಸಂಕೇತವನ್ನು ‘ಯುಟಿಎಫ್8ಎಂಬಿ4’ ಎಂದೇ ಇಟ್ಟುಕೊಳ್ಳಲಿ.

ಪ್ರಶ್ನೆ ಕೇಳುವುದನ್ನು ಒಂದು ವಾರದಲ್ಲಿ ಕಲಿಯಬಹುದು. ಸೆಲೆಕ್ಟ್ ಎಂದರೆ ತೋರಿಸು, ಇನ್ಸರ್ಟ್ ಎಂದರೆ ಸೇರಿಸು, ಅಪ್‌ಡೇಟ್ ಎಂದರೆ ತಿದ್ದು, ಡಿಲೀಟ್ ಎಂದರೆ ಅಳಿಸು. ಯಾವ ಸಾಲು ಎಂದು ಹೇಳುವುದು ವೇರ್. ಅಪ್‌ಡೇಟ್ ಬರೆದು ವೇರ್ ಮರೆತರೆ ಊರಿನ ಎಲ್ಲ ಹೊಲಗಳೂ ಒಬ್ಬನ ಹೆಸರಿಗಾಗುತ್ತವೆ, ಅದೂ ಕಣ್ಣು ಮಿಟುಕಿಸುವುದರೊಳಗೆ. ಆದ್ದರಿಂದ ಅನುಭವಿಗಳು ಮೊದಲು ಅದೇ ವೇರ್ ಹಾಕಿ ಸೆಲೆಕ್ಟ್ ಮಾಡಿ ಎಷ್ಟು ಸಾಲು ಬರುತ್ತವೆಂದು ನೋಡುತ್ತಾರೆ. ನಂತರ ಬಿಗಿನ್ ಎಂದು ಶುರುಮಾಡಿ, ತಿದ್ದಿ, ಮತ್ತೆ ನೋಡಿ, ಸರಿಯಿದ್ದರೆ ಕಮಿಟ್, ಇಲ್ಲವಾದರೆ ರೋಲ್‌ಬ್ಯಾಕ್.

ಈ ಬಿಗಿನ್-ಕಮಿಟ್ ಜೋಡಿಯೇ ‘ಟ್ರಾನ್ಸಾಕ್ಷನ್’. ಒಬ್ಬರ ಹೆಸರಿನಿಂದ 40 ಗುಂಟೆ ಕಳೆದು ಇನ್ನೊಬ್ಬರ ಹೆಸರಿಗೆ ಸೇರಿಸುವಾಗ ನಡುವೆ ಕರೆಂಟು ಹೋಯಿತೆನ್ನಿ. ಕಳೆದದ್ದು ದಾಖಲಾಗಿ ಸೇರಿಸಿದ್ದು ಆಗದಿದ್ದರೆ ಒಂದು ಎಕರೆ ಭೂಮಿ ಲೆಕ್ಕದಿಂದಲೇ ಮಾಯ. ಒಳ್ಳೆಯ ಡೇಟಾಬೇಸ್ ಹಾಗಾಗಲು ಬಿಡುವುದಿಲ್ಲ. ಮಾಡಬೇಕಾದ್ದನ್ನು ಮೊದಲು ಒಂದು ಲಾಗ್ ಕಡತದಲ್ಲಿ ಬರೆದುಕೊಂಡು ಆಮೇಲೆ ಟೇಬಲ್ಲಿಗೆ ಕೈ ಹಾಕುತ್ತದೆ; ಕರೆಂಟು ಬಂದಾಗ ಲಾಗ್ ಓದಿ, ಪೂರ್ತಿಯಾಗದ ವ್ಯವಹಾರವನ್ನು ರದ್ದು ಮಾಡುತ್ತದೆ. ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು.

ಇಷ್ಟು ಬಳಕೆಯ ಮಾತಾಯಿತು. ಕಾಲೇಜುಗಳು ಇಲ್ಲಿಗೇ ನಿಲ್ಲಿಸುತ್ತವೆ. ಆದರೆ ಡೇಟಾಬೇಸು ಬದುಕುವುದು ಸಾಯುವುದು ಅದರ ಆಡಳಿತದಲ್ಲಿ, ಇದಕ್ಕೆ ಕರ್ನಾಟಕದ್ದೇ ಸಾಕ್ಷಿಯಿದೆ.

ಭೂದಾಖಲೆಗಳನ್ನು ಗಣಕಕ್ಕೆ ಏರಿಸುವ ಪ್ರಯತ್ನ ನಮ್ಮಲ್ಲಿ ಭೂಮಿ ಯೋಜನೆಗಿಂತ ಮೊದಲೇ ನಡೆದಿತ್ತು. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಯೋಜನೆ ಮಂಜೂರಾಗಿತ್ತು. ಆದರೆ ದಾಖಲೆ ದಿನನಿತ್ಯ ಬದಲಾಗುವುದು ತಾಲೂಕಿನಲ್ಲಿ, ಅಲ್ಲಿ ಕಂಪ್ಯೂಟರ್ ಇಡುವ ಏರ್ಪಾಡೇ ಇರಲಿಲ್ಲ. ತುಂಬಿದ ಮಾಹಿತಿ ಒಂದು ಕಡೆ, ವರ್ಧಿ, ವಾಟ್ನಿ, ವಾರಸಾ ನಡೆಯುವುದು ಇನ್ನೊಂದು ಕಡೆ. ತುಂಬಿದ ಮರುದಿನದಿಂದಲೇ ಅದು ಹಳಸಲು ಶುರುವಾಯಿತು.

ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ರಾಷ್ಟ್ರೀಯ ಮಾಹಿತಿ ಕೇಂದ್ರ ಬರೆದ ತಂತ್ರಾಂಶದೊಂದಿಗೆ ಬಂದ ಭೂಮಿ ಯೋಜನೆ ಈ ತಪ್ಪನ್ನು ಗುರುತಿಸಿತು. 67 ಲಕ್ಷ ರೈತರ ಸುಮಾರು ಎರಡು ಕೋಟಿ ದಾಖಲೆಗಳು ಗಣಕಕ್ಕೆ ಏರಿದವು. ಈ ಸಂಖ್ಯೆಯನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ತಾಲೂಕು ಕಚೇರಿಯಲ್ಲೇ ಯಂತ್ರ ಇಟ್ಟದ್ದು, ಮತ್ತು ಕಂಪ್ಯೂಟರ್ ಉತಾರ ಬಂದ ಕಡೆ ಕೈಬರಹದ ಉತಾರಕ್ಕೆ ಬೆಲೆ ಇಲ್ಲವೆಂದು ಕಡ್ಡಾಯ ಮಾಡಿದ್ದು. ಎರಡು ದಫ್ತರ ಜೊತೆಜೊತೆಗೆ ಇದ್ದರೆ ಯಾವುದು ನಿಜ ಎಂಬ ಜಗಳ ಮುಗಿಯುವುದಿಲ್ಲ. ಒಂದೇ ಸತ್ಯ, ಅದು ಬದಲಾಗುವ ಜಾಗದಲ್ಲೇ ದಾಖಲಾಗಬೇಕು.

ಭೂಮಿ ಯೋಜನೆಗಿಂತ ಮೊದಲು ದಫ್ತರ ಇದ್ದದ್ದು ಸುಮಾರು ಒಂಬತ್ತು ಸಾವಿರ ಗ್ರಾಮಲೆಕ್ಕಿಗರ ಕೈಯಲ್ಲಿ. ಅವರಿಗೂ ಹಿಂದೆ ವಂಶಪಾರಂಪರ್ಯದ ಕುಲಕರ್ಣಿ, ಶಾನುಭೋಗರ ಮನೆಗಳಲ್ಲಿ. ಅವರಲ್ಲಿ ಪ್ರಾಮಾಣಿಕರೂ ಇದ್ದರು. ತೊಡಕಿದ್ದದ್ದು ಒಬ್ಬನೇ ಬರೆಯುವವ, ಒಬ್ಬನೇ ತಿದ್ದುವವ, ಒಬ್ಬನೇ ನಕಲು ಕೊಡುವವ ಆಗಿದ್ದರಲ್ಲಿ. ಭೂಮಿಯಲ್ಲಿ ಈ ಅಧಿಕಾರವನ್ನು ಒಡೆದರು: ಅರ್ಜಿ ದಾಖಲಿಸುವವರು ಒಬ್ಬರು, ಪರಿಶೀಲಿಸುವವರು ಒಬ್ಬರು, ಒಪ್ಪಿಗೆ ಕೊಡುವವರು ಮತ್ತೊಬ್ಬರು. ಯಂತ್ರದೊಳಗೆ ಹೋಗಲು ಬೆರಳಚ್ಚು ಬೇಕು, ‘ನಾನು ತಿದ್ದಲಿಲ್ಲ’ ಎನ್ನಲು ಬಾರದು. ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಹೋಗಬೇಕು, ಬೇಕಾದವರದನ್ನು ಮೇಲೆ ಇಡಲಾಗದು. ಎದುರು ನಿಂತ ರೈತನಿಗೂ ಕಾಣುವಂತೆ ಇನ್ನೊಂದು ಪರದೆ. ಶುರುವಿನಲ್ಲಿ 15 ರೂಪಾಯಿ ಕೊಟ್ಟರೆ ಯಾರದೇ ಉತಾರದ ಪ್ರತಿ ಸಿಗುತ್ತಿತ್ತು.

ಇದನ್ನೇ ಡೇಟಾಬೇಸ್ ಆಡಳಿತದ ಭಾಷೆಗೆ ಇಳಿಸೋಣ. ಪ್ರತಿಯೊಬ್ಬರಿಗೂ ಬೇರೆ ಬೇರೆ ಬಳಕೆದಾರ ಹೆಸರು. ಒಂದೇ ಪಾಸ್‌ವರ್ಡನ್ನು ಕಚೇರಿಯವರೆಲ್ಲ ಹಂಚಿಕೊಳ್ಳುವುದು ಕೂಡದು. ಗ್ರ್ಯಾಂಟ್ ಎಂದರೆ ಅಧಿಕಾರ ಕೊಡು, ರಿವೋಕ್ ಎಂದರೆ ಕಿತ್ತುಕೋ. ನೋಡುವವರಿಗೆ ಸೆಲೆಕ್ಟ್ ಮಾತ್ರ. ತುಂಬುವವರಿಗೆ ಇನ್ಸರ್ಟ್. ಡಿಲೀಟ್ ಯಾರಿಗೂ ಸುಲಭವಾಗಿ ಬೇಡ. ಹಳೆಯ ಸಾಲನ್ನು ಅಳಿಸದೆ, ಯಾವ ದಿನ ಯಾವ ಫೇರ್‌ಫಾರ್ (ಹಕ್ಕು ಬದಲಾವಣೆ) ನಂಬರಿನಿಂದ ಬದಲಾಯಿತು ಎಂದು ಹೊಸ ಸಾಲು ಸೇರಿಸಿ. ‘ಸೂಪರ್‌ಯೂಸರ್’ ಎಂಬ ಸರ್ವಾಧಿಕಾರಿಯ ಹೆಸರಿನಲ್ಲಿ ದಿನನಿತ್ಯದ ಕೆಲಸ ಮಾಡಬೇಡಿ. ಸರ್ವರನ್ನು ಇಡೀ ಇಂಟರ್‌ನೆಟ್ಟಿಗೆ ತೆರೆದಿಡಬೇಡಿ: 2017ರ ಜನವರಿಯಲ್ಲಿ ಪಾಸ್‌ವರ್ಡ್ ಇಲ್ಲದೆ ಬಯಲಿಗಿಟ್ಟ ಸಾವಿರಾರು ಮೊಂಗೊಡಿಬಿ ಡೇಟಾಬೇಸ್ ಸರ್ವರುಗಳನ್ನು ದುಷ್ಕರ್ಮಿಗಳು ಖಾಲಿ ಮಾಡಿ ಹಣ ಕೇಳಿದ್ದರು.

ಭೂಮಿ ಎಲ್ಲವನ್ನೂ ಸರಿ ಮಾಡಿತು ಎಂದಲ್ಲ. ಕೈಬರಹದಲ್ಲಿದ್ದ ತಪ್ಪು ಹೆಸರು, ತಪ್ಪು ಕ್ಷೇತ್ರಗಳು ಹಾಗೆಯೇ ಯಂತ್ರಕ್ಕೆ ಏರಿದವು, ಮುದ್ರಿತವಾದ ಕಾರಣಕ್ಕೆ ಅವಕ್ಕೆ ಇನ್ನಷ್ಟು ಗಾಂಭೀರ್ಯ ಬಂತು. ಸತ್ತವರ ಹೆಸರಿನಲ್ಲೇ ಉಳಿದ ಖಾತೆಗಳನ್ನು ವಾರಸುದಾರರಿಗೆ ಮಾಡಿಕೊಡಲು ಪೌತಿ ಖಾತೆ ಆಂದೋಲನಗಳನ್ನು ಇಂದಿಗೂ ನಡೆಸಬೇಕಾಗಿದೆ. ಸಂಶೋಧಕ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಸುತ್ತಮುತ್ತ ಅಧ್ಯಯನ ಮಾಡಿ, ದಾಖಲೆ ಒಂದೆಡೆ ಸೇರಿದ್ದರಿಂದ ದೊಡ್ಡ ಕುಳಗಳಿಗೇ ಹೆಚ್ಚು ಅನುಕೂಲವಾಯಿತೆಂದು 2007ರಲ್ಲಿ ವಾದಿಸಿದರು. ಆ ವಾದದಲ್ಲಿ ಹುರುಳಿದೆ. ಪ್ರಶ್ನೆ ಕೇಳಲು ಬಂದವರ ಕೈಗೆ ಡೇಟಾಬೇಸ್ ಬಲ ಕೊಡುತ್ತದೆ. ಹಳ್ಳಿಯ ಹುಡುಗರು ಆ ಪ್ರಶ್ನೆ ಕೇಳಲು ಕಲಿಯಬೇಕಾದ್ದು ಆ ಕಾರಣಕ್ಕೂ ಹೌದು.

ಆಡಳಿತದ ಇನ್ನರ್ಧ ಬ್ಯಾಕಪ್. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಪಿಜಿ_ಡಂಪ್ ಎಂಬ ಆಜ್ಞೆ ಇಡೀ ಡೇಟಾಬೇಸನ್ನು ಒಂದು ಕಡತವಾಗಿ ಇಳಿಸಿಕೊಡುತ್ತದೆ. ದಿನಕ್ಕೊಮ್ಮೆ ತನ್ನಷ್ಟಕ್ಕೇ ಓಡುವಂತೆ ಮಾಡಿ, ಒಂದು ಪ್ರತಿಯನ್ನು ಬೇರೆ ಕಟ್ಟಡದಲ್ಲಿಡಿ. ಇಷ್ಟನ್ನು ಎಲ್ಲರೂ ಹೇಳುತ್ತಾರೆ, ಕೆಲವರು ಮಾಡುತ್ತಾರೆ. ತೆಗೆದ ಪ್ರತಿ ತೆರೆಯುತ್ತದೆಯೇ ಎಂದು ನೋಡುವವರು ಮಾತ್ರ ವಿರಳ. ಹಗೇವಿನಲ್ಲಿ ಜೋಳ ತುಂಬಿ ಬಾಯಿ ಮುಚ್ಚಿ ಹೋದವರಿಗೆ ಒಳಗೆ ನೀರು ಇಳಿದದ್ದು ತಿಳಿಯುವುದು ಬರಗಾಲದಲ್ಲಿ ತೆರೆದಾಗಲೇ. ಜಗತ್ತಿನಾದ್ಯಂತ ತಂತ್ರಜ್ಞರು ಬಳಸುವ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ 2017ರ ಜನವರಿ 31ರಂದು ಇದೇ ಆಯಿತು. ತಡರಾತ್ರಿ ಕೆಲಸ ಮಾಡುತ್ತಿದ್ದ ಎಂಜಿನಿಯರ್ ಒಬ್ಬರು ಮೀಸಲು ಸರ್ವರ್ ಎಂದುಕೊಂಡು ಮುಖ್ಯ ಸರ್ವರಿನ ಸುಮಾರು 300 ಜಿಬಿ ಮಾಹಿತಿ ಅಳಿಸಿಬಿಟ್ಟರು. ಬ್ಯಾಕಪ್ಪಿಗೆ ಐದು ದಾರಿ ಮಾಡಿಟ್ಟಿದ್ದರು, ನಂಬಿದಂತೆ ಒಂದೂ ಕೈಗೆ ಬರಲಿಲ್ಲ. ಪಿಜಿ_ಡಂಪಿನ ಆವೃತ್ತಿಯೂ ಸರ್ವರಿನ ಆವೃತ್ತಿಯೂ ಹೊಂದದೆ ಬಹಳ ದಿನದಿಂದ ಬ್ಯಾಕಪ್ ಆಗುತ್ತಲೇ ಇರಲಿಲ್ಲ. ಆಗುತ್ತಿಲ್ಲ ಎಂದು ತಿಳಿಸುವ ಮಿಂಚಂಚೆಗಳೂ ತಲುಪುತ್ತಿರಲಿಲ್ಲ. ಬೇರೆ ಕೆಲಸಕ್ಕೆಂದು ಆರು ತಾಸು ಮೊದಲು ತೆಗೆದಿಟ್ಟಿದ್ದ ಪ್ರತಿಯೊಂದು ಅವರನ್ನು ಉಳಿಸಿತು. ಇಷ್ಟನ್ನೂ ಆ ಸಂಸ್ಥೆ ಬಚ್ಚಿಡದೆ ಪ್ರಕಟಿಸಿದ್ದು ಮೆಚ್ಚಬೇಕಾದ ಗುಣ.

ಉಳಿದ ದಿನಚರಿ ಸಪ್ಪೆ: ಡಿಸ್ಕಿನಲ್ಲಿ ಜಾಗ ಉಳಿದಿದೆಯೇ, ಲಾಗ್ ಕಡತದಲ್ಲಿ ದೂರುಗಳಿವೆಯೇ, ಹೊಸ ಆವೃತ್ತಿ ಬಂದಿದೆಯೇ. ಹುಡುಕಾಟ ನಿಧಾನವಾದಾಗ ಹೆಚ್ಚಾಗಿ ಬೇಕಾಗುವುದು ಇಂಡೆಕ್ಸ್. ಸರ್ವೆ ನಂಬರಿನ ಪ್ರಕಾರ ಜೋಡಿಸಿದ ದಫ್ತರದಲ್ಲಿ ಹೆಸರಿನಿಂದ ಹುಡುಕಲು ಪುಟಪುಟವನ್ನೂ ತಿರುವಬೇಕು. ಹೆಸರಿಗೆ ಬೇರೆ ಇಂಡೆಕ್ಸ್ ಮಾಡಿದರೆ ನೇರವಾಗಿ ಪುಟಕ್ಕೇ ಹೋಗಬಹುದು. ಕಂಡ ಕಾಲಮ್ಮಿಗೆಲ್ಲ ಇಂಡೆಕ್ಸ್ ಮಾಡಿದರೆ ಸೇರಿಸುವ ಕೆಲಸ ನಿಧಾನವಾಗುತ್ತದೆ.

ಅಭ್ಯಾಸಕ್ಕೆ ಏನು ಕಟ್ಟಬೇಕು? ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘವನ್ನು ದೇಶದಲ್ಲೇ ಮೊದಲನೆಯದೆಂದು ಗುರುತಿಸುತ್ತಾರೆ. ಆ ಜಿಲ್ಲೆಯ ಹುಡುಗರು ಸೊಸೈಟಿಯ ಲೆಕ್ಕಪುಸ್ತಕದಿಂದಲೇ ಶುರುಮಾಡಲಿ: ಸದಸ್ಯರು, ಷೇರು, ಸಾಲ, ಕಂತು ಎಂಬ ನಾಲ್ಕು ಟೇಬಲ್. ಕಾಲ್ಪನಿಕ ಹೆಸರುಗಳನ್ನು ಹಾಕಿ. ನಿಜವಾದವರ ಆಧಾರ್ ಸಂಖ್ಯೆ, ಖಾತೆ ಸಂಖ್ಯೆಗಳು ಅಭ್ಯಾಸದ ಸಾಮಗ್ರಿ ಅಲ್ಲ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆಯೂ ಅದನ್ನು ಹಗುರವಾಗಿ ನೋಡುವುದಿಲ್ಲ.

ಇದು ಬರಿಯ ಅಭ್ಯಾಸವಾಗಿಯೂ ಉಳಿಯುವುದಿಲ್ಲ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸಲು ಕೇಂದ್ರ ಸಂಪುಟ 2022ರಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಹಾಲಿನ ಸಂಘ, ಸ್ವಸಹಾಯ ಗುಂಪು, ಶಾಲೆ, ಮಠ, ಎಲ್ಲ ಕಡೆ ಯಾರೋ ಒಬ್ಬರು ತಂತ್ರಾಂಶ ಹಾಕಿಕೊಟ್ಟು ಹೋಗುತ್ತಿದ್ದಾರೆ. ಆಡಳಿತ ಮಂಡಳಿಯವರಲ್ಲಿ ಒಂದು ವಿನಂತಿ. ಹಣ ಕೊಡುವ ಮೊದಲು ನಾಲ್ಕು ಸಂಗತಿ ಕಾಗದದ ಮೇಲೆ ಬರೆಸಿಕೊಳ್ಳಿ: ಸರ್ವಾಧಿಕಾರದ ಪಾಸ್‌ವರ್ಡ್ ಸಂಘದ ಬಳಿ ಇರಬೇಕು, ಬ್ಯಾಕಪ್ ಎಲ್ಲಿದೆ ಎಂದು ತಿಳಿದಿರಬೇಕು, ಅದನ್ನು ನಿಮ್ಮೆದುರೇ ಬೇರೆ ಯಂತ್ರದಲ್ಲಿ ತೆರೆದು ತೋರಿಸಬೇಕು, ಕರಾರು ಮುಗಿದಾಗ ಮಾಹಿತಿಯನ್ನು ಯಾವುದೇ ತಂತ್ರಾಂಶಕ್ಕೆ ಒಯ್ಯಬಹುದಾದ ರೂಪದಲ್ಲಿ ಹಿಂದಿರುಗಿಸಬೇಕು. ಇವಕ್ಕೆ ಒಪ್ಪದವರಿಗೆ ಸಂಘದ ದಫ್ತರ ಕೊಡಬೇಡಿ.